ಆನೆಯ ಅರಿವು, ಯಂತ್ರದ ಗುರುತು: ಗೋಪಾಲಸ್ವಾಮಿ ಬೆಟ್ಟದ ನೆರೆಯಲ್ಲಿ ಬುದ್ಧಿಯ ವಿಚಾರ

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಸಮುದ್ರಮಟ್ಟದಿಂದ ಸುಮಾರು 1450 ಮೀಟರ್ ಎತ್ತರದಲ್ಲಿದೆ. ವರ್ಷದ ಬಹುಕಾಲ ಮಂಜು ಕವಿದಿರುವುದರಿಂದ ಅದಕ್ಕೆ ಹಿಮವದ್ ಎಂಬ ವಿಶೇಷಣ ಸಂದಿದೆ. ನೆತ್ತಿಯ ಮೇಲಿನ ವೇಣುಗೋಪಾಲಸ್ವಾಮಿಯ ಗುಡಿಯು ಹೊಯ್ಸಳರ ಕಡೆಯ ಕಾಲದಲ್ಲಿ, ಕ್ರಿ.ಶ. 1315ರ ಸುಮಾರಿಗೆ ನಿರ್ಮಾಣವಾಯಿತೆಂದು ಹೇಳಲಾಗುತ್ತದೆ. ಯಾತ್ರಿಕರೆಲ್ಲರೂ ಬಲ್ಲ ಈ ಸಂಗತಿಗಳಿಗಿಂತ ಪ್ರಸ್ತುತ ವಿಚಾರಕ್ಕೆ ಹತ್ತಿರವಾದುದು ಮತ್ತೊಂದಿದೆ. 1931ರಲ್ಲಿ ಮೈಸೂರು ಸಂಸ್ಥಾನವು ಸುಮಾರು 90 ಚದರ ಕಿಲೋಮೀಟರ್ ಅಡವಿಯನ್ನು ಮೃಗರಕ್ಷಣೆಗೆಂದು ಮೀಸಲಿಟ್ಟಾಗ, ಅದಕ್ಕೆ ಈ ಬೆಟ್ಟದ ದೇವರ ಹೆಸರನ್ನೇ ಕೊಟ್ಟು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕರೆಯಿತು. ಒಂದು ದಶಕದ ತರುವಾಯ ಅದು ವಿಸ್ತಾರಗೊಂಡು ಬಂಡೀಪುರವೆಂದು ಪ್ರಸಿದ್ಧವಾಯಿತು; 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ 9 ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಒಂದಾಯಿತು. ಬೆಟ್ಟವು ಇಂದು ಆ ಕಾಡಿನೊಳಗೇ ಇದೆ.

ಈ ಕಾಡು ಮತ್ತು ಅದರ ಅಂಚಿನ ಊರುಗಳು ಒಂದು ಹಳೆಯ ಪ್ರಶ್ನೆಯ ನೆಲವೂ ಹೌದು. ಮನುಷ್ಯನಲ್ಲದ ಜೀವಿಗೆ ಬುದ್ಧಿ ಉಂಟೆಂದು ಯಾವ ಲಕ್ಷಣದಿಂದ ನಿರ್ಣಯಿಸಬೇಕು? ಈಚಿನ ದಶಕಗಳಲ್ಲಿ ಅದೇ ಪ್ರಶ್ನೆಯನ್ನು ಯಂತ್ರದ ಬಗ್ಗೆಯೂ ಕೇಳಬೇಕಾಗಿ ಬಂದಿದೆ. ಪ್ರಾಣಿವಿಜ್ಞಾನ, ಮನೋವಿಜ್ಞಾನ, ತತ್ತ್ವಶಾಸ್ತ್ರ, ಗಣಕ ವಿಜ್ಞಾನಗಳು ಒಂದೆಡೆ ಕೂಡಿ ನಡೆಸುವ ಅರಿವಿನ ಅಧ್ಯಯನವೆಂಬ ಹೊಸ ಶಾಸ್ತ್ರ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿತೆಂಬುದು ನಿಜ. ಆದರೆ ಅದರ ವಿವಾದಗಳು ಚಾಮರಾಜನಗರದ ಸೀಮೆಯಲ್ಲಿ ಅದಕ್ಕಿಂತ ಬಹಳ ಹಿಂದೆಯೇ ಕೇಳಿಬಂದಿವೆ.

ಅರಿಕುಠಾರವೆಂಬ ಊರಿಗೆ ಚಾಮರಾಜನಗರವೆಂಬ ಹೆಸರು ಬಂದು ಅರ್ಧ ಶತಮಾನ ಕಳೆದಿದ್ದ ಕಾಲವದು. ಮೈಸೂರು ಸೀಮೆಯ ಕಾಲುವೆಗಳ ಉಸ್ತುವಾರಿಯಲ್ಲಿದ್ದ ಜಾರ್ಜ್ ಪೆರೆಸ್ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ಈ ಊರಿನ ಸಮೀಪದ, ತಾನು ಮೋರ್ಲೆ ಎಂದು ಬರೆಯುವ ಸ್ಥಳದಲ್ಲಿ ನೆಲೆಸಿ, 1873–74ರಲ್ಲಿ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಖೆಡ್ಡಾ ನಡೆಸಿ ಆನೆ ಹಿಡಿಯುವುದರಲ್ಲಿ ಯಶಸ್ವಿಯಾದನು. 1878ರಲ್ಲಿ ಪ್ರಕಟವಾದ ಆತನ ‘ಥರ್ಟೀನ್ ಇಯರ್ಸ್ ಅಮಂಗ್ ದ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಗ್ರಂಥವನ್ನು ಇಂದಿನವರು ಬೇಟೆಯ ಕಥೆಗಳಿಗಾಗಿ ಓದುತ್ತಾರೆ. ಕಿಪ್ಲಿಂಗನ ಆನೆಯ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಈತನೇ ಮಾದರಿಯೆಂಬ ಮಾತೂ ಇದೆ. ಆದರೆ ಆ ಗ್ರಂಥದಲ್ಲಿ ಆನೆಯ ಬುದ್ಧಿಯನ್ನು ಕುರಿತ ಖಚಿತವಾದ ಒಂದು ತೀರ್ಪಿದೆ. ಜನರು ನಂಬಿರುವಂತೆ ಆನೆ ಅಸಾಧಾರಣ ಜಾಣಪ್ರಾಣಿಯಲ್ಲ, ಅದರ ವಿವೇಚನಾಶಕ್ತಿ ಸಾಧಾರಣವಾದುದು, ಅದರ ಹಿರಿಮೆಯೆಲ್ಲ ವಿಧೇಯತೆ, ಸೌಮ್ಯತೆ, ತಾಳ್ಮೆಗಳಲ್ಲಿದೆ ಎಂಬುದು ಅದರ ಸಾರ.

ಸ್ಯಾಂಡರ್ಸನ್ ಸುಮ್ಮನೆ ಹೇಳಿದವನಲ್ಲ, ನಿದರ್ಶನ ಕೊಟ್ಟಿದ್ದಾನೆ. ಖೆಡ್ಡಾದ ಬೇಲಿಯನ್ನು ಆನೆಗಳು ಮನಸ್ಸು ಮಾಡಿದರೆ ಮುರಿಯಬಲ್ಲವು, ಆದರೆ ಮುರಿಯುವುದಿಲ್ಲ. ಮರಿಯೊಂದು ಗುಂಡಿಗೆ ಬಿದ್ದಾಗ ತಾಯಿ ಬೇಟೆಗಾರರು ಬರುವವರೆಗೂ ಅಲ್ಲೇ ನಿಲ್ಲುತ್ತದೆ, ಆದರೆ ನೆರವಾಗಲು ಏನನ್ನೂ ಮಾಡುವುದಿಲ್ಲ, ನಾಲ್ಕು ಕೊಂಬೆಗಳನ್ನು ಒಳಗೆ ಎಸೆಯುವುದೂ ಇಲ್ಲ. ಗಿಡಮರಗಳಿಂದ ಗುಂಡಿ ತುಂಬಿ ಮರಿಯನ್ನು ಬಿಡಿಸಿತೆಂದು ಹೇಳಿದರೆ ನಂಬುವ ಜನ, ನಡೆದುದನ್ನು ಹೇಳಿದರೆ ನಂಬಲಾರರೆಂದು ಆತ ಚುಚ್ಚುತ್ತಾನೆ.

ಕಂಡದ್ದರಲ್ಲಿ ಆತ ತಪ್ಪಿರಲಾರ. ಆತನ ಕಣ್ಣು ಪಳಗಿದ ಕಣ್ಣು. ತೊಡಕಿರುವುದು ಕಂಡದ್ದರಿಂದ ತೆಗೆದ ತೀರ್ಮಾನದಲ್ಲಿ. ಹೊಸ ಉಪಾಯ ಹೂಡುವುದೇ ಬುದ್ಧಿಯೆಂದು ಮೊದಲೇ ಗೊತ್ತುಮಾಡಿಕೊಂಡವನಿಗೆ, ಮನುಷ್ಯರ ವಾಸನೆ ಹತ್ತಿರವಾಗುತ್ತಿದ್ದರೂ ಗುಂಡಿಯ ಅಂಚನ್ನು ಬಿಟ್ಟು ಕದಲದೆ ನಿಂತ ತಾಯಿಯಲ್ಲಿ ಬುದ್ಧಿ ಕಾಣುವುದಿಲ್ಲ. ಮೇಲಾಗಿ ಆತ ನೋಡಿದ ಆನೆಗಳು ಒಂದೋ ಭಯದಲ್ಲಿದ್ದವು, ಇಲ್ಲವೇ ಮಾವುತನ ಕಾಲ್ಬೆರಳ ಸನ್ನೆಯ ಕೆಳಗಿದ್ದವು. ಸ್ವಚ್ಛಂದವಾಗಿ ಬಾಳುವ ಆನೆ ಏನನ್ನು ನೆನಪಿಡುತ್ತದೆ, ಏನನ್ನು ಲೆಕ್ಕಹಾಕುತ್ತದೆ ಎಂಬುದನ್ನು ಬಲ್ಲವರು ಆತನ ಜೊತೆಯಲ್ಲೇ ಇದ್ದರು. ಹೆಜ್ಜೆ ಹಿಡಿದು ದಾರಿ ತೋರಿಸಿದ ಕುರುಬರು. ಅವರ ಅಭಿಪ್ರಾಯ ಗ್ರಂಥಸ್ಥವಾಗಲಿಲ್ಲ.

ಆನೆಯನ್ನು ಕುರಿತ ಬರಹ ಈ ನೆಲಕ್ಕೆ ಹೊಸದಾಗಿರಲಿಲ್ಲ. ಕಾವೇರಿಯ ದಂಡೆಯ ತಲಕಾಡಿನಿಂದ ಆಳಿದ ಗಂಗರ ಲಾಂಛನವೇ ಆನೆ. ಶ್ರೀಪುರುಷನು ಗಜಶಾಸ್ತ್ರವನ್ನು ರಚಿಸಿದನೆಂದೂ, ಇಮ್ಮಡಿ ಶಿವಮಾರನು ಕನ್ನಡದಲ್ಲಿ ಗಜಾಷ್ಟಕವನ್ನು ಬರೆದನೆಂದೂ ತಿಳಿದುಬರುತ್ತದೆ. ಆ ಕನ್ನಡ ಕೃತಿ ಓವನಿಗೆಯಾಗಿ, ಒನಕೆವಾಡಾಗಿ ಜನರ ಬಾಯಲ್ಲಿ ನಿಂತಿತ್ತೆಂಬುದು ಶಾಸನದ ಮಾತು. ಕೃತಿ ಉಳಿದಿಲ್ಲ. ಭತ್ತ ಕುಟ್ಟುವ ಹೆಂಗಸರು ಆನೆಯ ಬಗ್ಗೆ ಏನು ಹಾಡುತ್ತಿದ್ದರೆಂಬುದು ತಿಳಿದಿದ್ದರೆ ಸ್ಯಾಂಡರ್ಸನ್ನನ ತೀರ್ಪಿನ ಪಕ್ಕದಲ್ಲಿಟ್ಟು ನೋಡಬಹುದಿತ್ತು.

ಉಳಿದಿರುವುದು ಶಾಸ್ತ್ರಗ್ರಂಥಗಳ ಸಾಕ್ಷಿ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯನ್ನು ಜೈನ ಪರಂಪರೆಯು ಆಚಾರ್ಯ ಪೂಜ್ಯಪಾದರ ತಪೋಭೂಮಿಯೆಂದು ನೆನೆಯುತ್ತದೆ. ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ‘ಸರ್ವಾರ್ಥಸಿದ್ಧಿ’ಯಲ್ಲಿ ಇಂದ್ರಿಯ ಮತ್ತು ಮನಸ್ಸುಗಳಿಂದ ಹುಟ್ಟುವ ಜ್ಞಾನದ ನಾಲ್ಕು ಹಂತಗಳ ವಿವರಣೆಯಿದೆ. ದೂರದಲ್ಲಿ ಬಿಳಿಯದೇನೋ ಇದೆ ಎಂದು ತೋರುವುದು ಅವಗ್ರಹ. ಅದು ಬೆಳ್ಳಕ್ಕಿಯೋ ಬಾವುಟವೋ ಎಂದು ತಿಳಿಯಬಯಸುವುದು ಈಹೆ. ಏಳುವುದು, ಇಳಿಯುವುದು, ರೆಕ್ಕೆ ಬಡಿಯುವುದನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಮುಂದೆ ಮರೆಯದಂತೆ ಉಳಿಸಿಕೊಳ್ಳುವುದು ಧಾರಣೆ. ಮಂಜು ಸರಿಯುವ ಹೊತ್ತಿನಲ್ಲಿ ಗೋಪಾಲಸ್ವಾಮಿ ಬೆಟ್ಟದಿಂದ ಕೆಳಗಿನ ಕಾಡನ್ನು ನೋಡುವವರಿಗೆ ಈ ನಾಲ್ಕೂ ಹಂತಗಳು ಅನುಭವಕ್ಕೆ ಬರುತ್ತವೆ. ಬಂಡೆಯೋ ಆನೆಯೋ ಎಂಬ ಈಹೆ ಅಲ್ಲಿ ಬಹಳ ಹೊತ್ತು ಉಳಿಯುವುದುಂಟು.

ಇದಕ್ಕಿಂತಲೂ ನೇರವಾದ ಚರ್ಚೆ ‘ಗೊಮ್ಮಟಸಾರ’ದ ವ್ಯಾಖ್ಯಾನ ಪರಂಪರೆಯಲ್ಲಿದೆ. ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಈ ಪ್ರಾಕೃತ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಅದನ್ನು ಅನುಸರಿಸಿ ಮುಂದೆ ಸಂಸ್ಕೃತ ಟೀಕೆ ಹುಟ್ಟಿತು. ಜೀವಿಗಳನ್ನು ಮನಸ್ಸುಳ್ಳ ಸಂಜ್ಞಿಗಳು, ಮನಸ್ಸಿಲ್ಲದ ಅಸಂಜ್ಞಿಗಳು ಎಂದು ಬೇರ್ಪಡಿಸುವಾಗ ಅಲ್ಲಿ ನಾಲ್ಕು ಗುರುತುಗಳನ್ನು ಹೇಳಲಾಗಿದೆ: ಶಿಕ್ಷೆ, ಕ್ರಿಯೆ, ಉಪದೇಶ, ಆಲಾಪ. ಇದು ಹಿತ ಇದು ಅಹಿತ ಎಂಬ ವಿಧಿನಿಷೇಧವನ್ನು ಗ್ರಹಿಸುವುದು ಶಿಕ್ಷೆ. ಹೇಳಿದಂತೆ ಕೈಕಾಲುಗಳನ್ನು ಆಡಿಸುವುದು ಕ್ರಿಯೆ. ಕಲಿಸಿದ ವಿಧಾನವನ್ನು ಅನುಸರಿಸುವುದು ಉಪದೇಶ. ಶ್ಲೋಕಾದಿಗಳ ಪಾಠವು ಆಲಾಪ. ಇವುಗಳನ್ನು ಮನಸ್ಸಿನ ಆಸರೆಯಿಂದ ಗ್ರಹಿಸುವ ಜೀವಿಯೇ ಸಂಜ್ಞಿ. ಉದಾಹರಣೆಯಾಗಿ ಟೀಕೆಯು ಮನುಷ್ಯನ ಜೊತೆಗೆ ಎತ್ತು, ಆನೆ, ಗಿಳಿಗಳನ್ನು ಹೆಸರಿಸುತ್ತದೆ.

ಸ್ಯಾಂಡರ್ಸನ್ ಯಾವ ವಿಧೇಯತೆಯನ್ನು ಬುದ್ಧಿಯ ಅಭಾವವೆಂದು ಎಣಿಸಿದನೋ ಅದನ್ನೇ ಈ ಪರಂಪರೆಯು ಮನಸ್ಸಿನ ಕುರುಹಾಗಿ ಎಣಿಸಿದೆ ಎಂಬುದು ಗಮನಿಸತಕ್ಕ ಅಂಶ. ಮತ್ತೊಬ್ಬರ ಮಾತಿನ ಆಶಯವನ್ನು ಹಿಡಿದು ತನ್ನ ಮೈಯನ್ನು ಅದಕ್ಕೆ ಒಡ್ಡುವುದು ಸಣ್ಣ ಕೆಲಸವಲ್ಲ. ಚಾಮರಾಜನಗರದ ಬಸದಿಯ ಪಾರ್ಶ್ವನಾಥನ ಭವಾವಳಿಯಲ್ಲಿಯೂ ಅಂಥ ಆನೆಯೊಂದಿದೆ. ಅಣ್ಣ ಕಮಠನಿಂದ ಹತನಾದ ಮರುಭೂತಿಯು ವಜ್ರಘೋಷವೆಂಬ ಆನೆಯಾಗಿ ಹುಟ್ಟಿ, ಮುನಿಯಾಗಿದ್ದ ಅರವಿಂದರಾಜನ ಉಪದೇಶದಿಂದ ವ್ರತ ಹಿಡಿಯುತ್ತದೆ. ಪುರಾಣದ ಆನೆಯನ್ನು ವಿಜ್ಞಾನಕ್ಕೆ ಸಾಕ್ಷಿಯಾಗಿ ಕರೆಯಲಾಗದು. ಆದರೆ ಆನೆಗೆ ಉಪದೇಶ ತಗಲುತ್ತದೆಂಬ ನಂಬಿಕೆ ಈ ಸೀಮೆಯಲ್ಲಿ ಎಷ್ಟು ಸಹಜವಾಗಿತ್ತೆಂಬುದಕ್ಕೆ ಅದು ಸಾಕ್ಷಿ.

ಸ್ಯಾಂಡರ್ಸನ್ನನ ಸುಮಾರು ನೂರು ವರ್ಷಗಳ ತರುವಾಯ, ಅದೇ ಬೆಟ್ಟಸಾಲುಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ರಾಮನ್ ಸುಕುಮಾರ್ ಬಂದರು. 1980ರ ದಶಕದ ಆರಂಭದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಅವರು ಆನೆಗಳನ್ನು ಹಿಡಿಯದೆ, ಹಿಂಬಾಲಿಸಿ ಅಭ್ಯಸಿಸಿದರು. ಹೊಲಕ್ಕೆ ನುಗ್ಗುವ ಆನೆಗಳ ಲೆಕ್ಕದಲ್ಲಿ ಒಂದು ವ್ಯತ್ಯಾಸ ಎದ್ದು ಕಂಡಿತು. ಹೆಣ್ಣಾನೆಯ ನೇತೃತ್ವದ ಕುಟುಂಬದ ಸದಸ್ಯನಿಗಿಂತ ವಯಸ್ಕ ಗಂಡಾನೆಯೊಂದು ಸರಾಸರಿ ಸುಮಾರು 6 ಪಟ್ಟು ಹೆಚ್ಚು ಸಲ ಬೆಳೆಗೆ ಬೀಳುತ್ತಿತ್ತು. ಕಾಡಿನ ಹುಲ್ಲಿಗಿಂತ ರಾಗಿಯ ತೆನೆ ಪುಷ್ಟಿಕರ. ಹೊಲದಲ್ಲಿ ಬೆಂಕಿ, ಬಂದೂಕುಗಳ ಅಪಾಯವೂ ಉಂಟು. ಪುಷ್ಟಿಯಿಂದ ಸಂತಾನದ ಅವಕಾಶ ಹೆಚ್ಚುವುದರಿಂದ ಗಂಡು ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತದೆ. ಮರಿಗಳಿರುವ ಗುಂಪು ಹಿಂಜರಿಯುತ್ತದೆ. ಸುಕುಮಾರ್ ಮತ್ತು ಮಾಧವ ಗಾಡ್ಗೀಳರು 1988ರಲ್ಲಿ ಪ್ರಕಟಿಸಿದ ಲೇಖನದ ವಾದವಿದು. ಅಲ್ಲಿ ಚರ್ಚೆಯಾಗಿರುವುದು ವಿಕಾಸದ ಲೆಕ್ಕ, ಆನೆಯ ಮನಸ್ಸಿನ ಮಾತಲ್ಲ. ಆದರೂ ಲಾಭ ನಷ್ಟಗಳನ್ನು ತೂಗುವ ಜೀವಿಯೊಂದು ಅಲ್ಲಿ ಓದುಗನ ಕಣ್ಣಿಗೆ ಬೀಳದೆ ಇರುವುದಿಲ್ಲ.

ಮನಸ್ಸಿನ ಮಾತು ಮುಂದಿನ ತಲೆಮಾರಿನಲ್ಲಿ ಬಂದಿತು. ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು ದಕ್ಷಿಣ ಭಾರತದಲ್ಲಿ 248 ಗಂಡಾನೆಗಳನ್ನು ಒಂದೊಂದಾಗಿ ಗುರುತಿಸಿ, 1445 ಛಾಯಾಚಿತ್ರ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂಟಿಯಾಗಿ ಅಲೆಯುವವೆಂದು ಹೆಸರಾದ ಗಂಡುಗಳು, ಅದರಲ್ಲೂ ಎಳೆಯವು, ಮನುಷ್ಯರ ಬೆಳೆಭೂಮಿಯ ನಡುವೆ ದೊಡ್ಡ ಗಂಡುಗುಂಪುಗಳನ್ನು ಕಟ್ಟಿಕೊಂಡು ಬಾಳುತ್ತಿವೆ. ಕಾಡಿನಲ್ಲಿ ಬೇಡವಾಗಿದ್ದ ಸಂಘ ಹೊಲದಲ್ಲಿ ಬೇಕಾಯಿತು. ಗುಂಡಿಯ ಅಂಚಿನಲ್ಲಿ ಉಪಾಯ ಕಾಣದ ಆನೆಯನ್ನು ಸ್ಯಾಂಡರ್ಸನ್ ಕಂಡಿದ್ದನು. ವಿದ್ಯುತ್ ತಂತಿಗೆ ಸೊಂಡಿಲು ತಾಗಿಸದೆ, ವಿದ್ಯುತ್ ಹರಿಯದ ದಂತದಿಂದ ಅದನ್ನು ಕೀಳುವ ಆನೆಯನ್ನು ಇಂದಿನ ಕಾಡಂಚಿನ ರೈತರು ಬಲ್ಲರು.

ಈ ಬಗೆಯ ಪ್ರಶ್ನೆಗಳನ್ನು ವಿದ್ಯಾವಿಭಾಗಗಳ ಬೇಲಿ ದಾಟಿ ಚರ್ಚಿಸಲು ಬೆಂಗಳೂರಿನಲ್ಲಿ ಒಂದು ನೆಲೆ ದೊರೆತದ್ದು 1988ರಲ್ಲಿ, ಜೆ.ಆರ್.ಡಿ. ಟಾಟಾ ಅವರ ಆಶಯದಂತೆ ಸ್ಥಾಪನೆಯಾಗಿ ರಾಜಾ ರಾಮಣ್ಣ ಅವರು ಮೊದಲ ನಿರ್ದೇಶಕರಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ. ಪ್ರಜ್ಞೆಯನ್ನು ಕುರಿತು ತತ್ತ್ವಜ್ಞರು ಮತ್ತು ನರವಿಜ್ಞಾನಿಗಳು ಅಲ್ಲಿ ಒಂದೇ ಸಭೆಯಲ್ಲಿ ಕುಳಿತದ್ದುಂಟು. ಆ ಸಂಸ್ಥೆಯ ಅನಿಂದ್ಯ ಸಿನ್ಹಾ ಅವರು ಆರಿಸಿಕೊಂಡದ್ದು ಆನೆಯಷ್ಟು ಘನತೆಯಿಲ್ಲದ ಪ್ರಾಣಿಯನ್ನು: ನಮ್ಮ ಊರುಕೇರಿಗಳ ಬಾನೆಟ್ ಕೋತಿಯನ್ನು.

1998ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನದ ವಿಷಯ ಸರಳವಾದುದು. ಎರಡು ಹೆಣ್ಣುಕೋತಿಗಳು ಒಂದರ ಮೈಯನ್ನು ಒಂದು ಹೇನು ನೋಡುತ್ತಾ ಕುಳಿತಿರುವಾಗ ಇಬ್ಬರಿಗಿಂತಲೂ ಮೇಲಿನ ಅಂತಸ್ತಿನ ಮೂರನೆಯವಳು ಬರುತ್ತಾಳೆ. ಇಬ್ಬರಲ್ಲಿ ಎದ್ದುಹೋಗುವವಳು ಯಾರು? ಸಾಮಾನ್ಯವಾಗಿ ಇಬ್ಬರಲ್ಲಿ ಕೆಳಗಿನವಳು. ಬಂದವಳಿಗಿಂತ ತಾನು ಕೆಳಗೆಂದು ತಿಳಿದರೆ ಮಾತ್ರ ಇದು ಸಾಧ್ಯವಿಲ್ಲ; ಹಾಗಾದರೆ ಇಬ್ಬರೂ ಏಳಬೇಕಿತ್ತು. ಪಕ್ಕದವಳ ಸ್ಥಾನವನ್ನೂ ತನ್ನ ಸ್ಥಾನವನ್ನೂ ಹೋಲಿಸಿ ನಿರ್ಧರಿಸಬೇಕಾಗುತ್ತದೆ. ಕೂಡುಕುಟುಂಬದ ಕಾದಂಬರಿಗಳನ್ನು ಓದಿದವರಿಗೆ ಈ ದೃಶ್ಯ ತೀರ ಅಪರಿಚಿತವೆನಿಸದು.

ಎರಡು ದಶಕಗಳ ನಂತರ, 2018ರಲ್ಲಿ, ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತಾ ಮತ್ತು ಸಿನ್ಹಾ ಅವರು ಬಂಡೀಪುರದ ಕೋತಿಗಳನ್ನು ಕುರಿತು ಬರೆದರು. ಗುಂಡ್ಲುಪೇಟೆಯಲ್ಲಿ ಮೈಸೂರಿನ ರಸ್ತೆ ಕವಲೊಡೆದು ಒಂದು ಊಟಿಯತ್ತ, ಇನ್ನೊಂದು ಕೇರಳದತ್ತ ಸಾಗುತ್ತದೆ. ಕಾಡಿನ ದಾರಿಯಲ್ಲಿ ಪ್ರವಾಸಿಗರು ತಿಂಡಿ ಕೊಟ್ಟು ರೂಢಿಯಾದ ಕೋತಿಗಳು ಅವರತ್ತ ಕೂಗಿ, ಕೈಚಾಚಿ ಬೇಡುವುದನ್ನು ಕಲಿತಿವೆ. ಇದು ಬರಿಯ ಅಭ್ಯಾಸವೋ, ಎದುರಿನವರಿಗೆ ಉದ್ದೇಶಪೂರ್ವಕವಾಗಿ ಮಾಡುವ ಸಂಜ್ಞೆಯೋ ಎಂಬುದು ಸಂಶೋಧಕರ ಪ್ರಶ್ನೆ. ಸಂಜ್ಞೆಯು ಒಬ್ಬರನ್ನು ಉದ್ದೇಶಿಸಿದೆಯೇ, ಅವರ ಗಮನ ತನ್ನತ್ತ ಇದೆಯೇ ಎಂದು ನೋಡಲಾಗುತ್ತಿದೆಯೇ, ಉತ್ತರಕ್ಕಾಗಿ ಕಾಯಲಾಗುತ್ತಿದೆಯೇ ಎಂಬಂಥ ಒರೆಗಲ್ಲುಗಳು ಈ ಶಾಸ್ತ್ರದಲ್ಲಿ ರೂಢಿಯಲ್ಲಿವೆ. ಬಂಡೀಪುರದ ಕೋತಿಯ ಕೈಚಾಚುವಿಕೆಯು ಉದ್ದೇಶಪೂರ್ವಕ ಸಂವಹನವೆಂದು ಅಧ್ಯಯನ ತೀರ್ಮಾನಿಸಿತು.

ಕೋತಿಯ ಬುದ್ಧಿಗೆ ದೊರೆತ ಈ ಪುರಾವೆ, ಕೋತಿಗೆ ಹಿತವಲ್ಲದ ರೂಢಿಯೊಂದರಿಂದಲೇ ಹುಟ್ಟಿದ್ದು ವಿಷಾದದ ಸಂಗತಿ. ಕಾಡುಪ್ರಾಣಿಗಳಿಗೆ ತಿನಿಸು ಕೊಡುವುದು ಇಲ್ಲಿ ನಿಷಿದ್ಧ. ರಸ್ತೆಯಂಚಿಗೆ ಬಂದ ಪ್ರಾಣಿ ಚಕ್ರಕ್ಕೂ ಹತ್ತಿರವಾಗುತ್ತದೆ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತವು ಈ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ತಡೆದದ್ದು ಪ್ರಾಣಿಗಳ ಸಾವನ್ನು ಕಂಡೇ. ಕೋತಿಗಳು ಹಗಲು ಸಂಚರಿಸುವವು. ಆ ಆಜ್ಞೆಯ ನೆರಳು ಅವಕ್ಕೆ ದಕ್ಕಲಿಲ್ಲ.

ಯಂತ್ರದ ಪ್ರವೇಶ ಈ ಕಾಡುಗಳಿಗೆ ಹುಲಿಯ ಮೂಲಕ ಆಯಿತು. ನೆರೆಯ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನು ಕಟ್ಟಿ, ಮೈಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಸಂಖ್ಯೆಯನ್ನು ಅಂದಾಜಿಸುವ ಕ್ರಮವನ್ನು ರೂಪಿಸಿದರು. ಚಿತ್ರಗಳು ಸಾವಿರಗಟ್ಟಲೆಯಾದಾಗ ಕಣ್ಣಿಂದ ಹೋಲಿಸುವುದು ಅಸಾಧ್ಯವಾಯಿತು. 2009ರಲ್ಲಿ ಲೆಕ್ಸ್ ಹೈಬಿ, ಕಾರಂತ ಮತ್ತು ಸಂಗಡಿಗರು ಪ್ರಕಟಿಸಿದ ತಂತ್ರಾಂಶವು ಹುಲಿಯ ಮೈಯ ಮೂರು ಆಯಾಮದ ಮಾದರಿಯೊಂದನ್ನು ಚಿತ್ರದ ಮೇಲೆ ಹೊಂದಿಸಿ, ದೇಹದ ಬಾಗುವಿಕೆ ಮತ್ತು ಕ್ಯಾಮೆರಾದ ಕೋನದಿಂದಾದ ವಿಕಾರವನ್ನು ಕಳೆದು, ಪಟ್ಟೆಯ ವಿನ್ಯಾಸವನ್ನು ಹಳೆಯ ಚಿತ್ರಗಳೊಡನೆ ತಾಳೆಹಾಕುತ್ತದೆ. ಹತ್ತಿರದ ಹೋಲಿಕೆಗಳನ್ನು ಅದು ಮುಂದಿಡುತ್ತದೆ. ಕೊನೆಯ ನಿಶ್ಚಯ ಮನುಷ್ಯನ ಕಣ್ಣಿನದು. 2018ರ ಅಖಿಲ ಭಾರತ ಹುಲಿಗಣತಿಯ ಹೊತ್ತಿಗೆ ಕ್ಯಾಮೆರಾಗಳ ನೆಲೆಗಳು 26,838, ಚಿತ್ರಗಳು 3 ಕೋಟಿ 48 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಹುಲಿಯವು 76,651. ಇಷ್ಟನ್ನು ಜಾತಿವಾರು ಬೇರ್ಪಡಿಸಲು ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನೇ ನೆಚ್ಚಬೇಕಾಯಿತು.

ಪೂಜ್ಯಪಾದರ ನಾಲ್ಕು ಹಂತಗಳನ್ನು ಇಲ್ಲಿ ಇಟ್ಟು ನೋಡುವುದು ಪ್ರಯೋಜನಕರ. ಕ್ಯಾಮೆರಾದಲ್ಲಿ ಅವಗ್ರಹದಂಥದು ನಡೆಯುತ್ತದೆ. ಸಂಗ್ರಹದಲ್ಲಿ ಧಾರಣೆಯಂಥದು ಇದೆ, ಅದೂ ಮನುಷ್ಯನನ್ನು ನಾಚಿಸುವಷ್ಟು. ಹೋಲಿಕೆಗೆ ಅಂಕ ಕೊಡುವುದನ್ನು ಅವಾಯವೆನ್ನಲು ಅಡ್ಡಿಯಿಲ್ಲದಿರಬಹುದು. ಕಾಣದಿರುವುದು ಈಹೆ. ಈಹೆಯೆಂದರೆ ಎರಡು ಸಾಧ್ಯತೆಗಳ ಪಟ್ಟಿಯಷ್ಟೇ ಅಲ್ಲ, ತಿಳಿಯಬೇಕೆಂಬ ಬಯಕೆ. 2009ರ ಆ ಅಧ್ಯಯನದ ಶೀರ್ಷಿಕೆಯಲ್ಲಿಯೇ ಬದುಕಿರುವ ಹುಲಿಗಳೂ ಹುಲಿಚರ್ಮಗಳೂ ಜೊತೆಯಾಗಿ ಬರುತ್ತವೆ. ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡ ಚರ್ಮ ಯಾವ ಕಾಡಿನ ಹುಲಿಯದೆಂದು ಪತ್ತೆಹಚ್ಚಲು ಆ ಕ್ರಮ ಉಪಯುಕ್ತ, ಸ್ತುತ್ಯವಾದ ಕೆಲಸವೇ ಸರಿ. ಆದರೆ ನಡೆಯುತ್ತಿರುವ ಹುಲಿಗೂ ನೆಲಕ್ಕೆ ಹಾಸಿದ ಚರ್ಮಕ್ಕೂ ಇರುವ ಭೇದ ಯಂತ್ರದ ಹೋಲಿಕೆಯಲ್ಲಿ ಎಲ್ಲಿಯೂ ಇಲ್ಲ. ಪಟ್ಟೆ ಎರಡರಲ್ಲೂ ಒಂದೇ. ಆ ಭೇದವನ್ನು ಹುಲ್ಲೆಯೊಂದು ಕಲಿಯದೆಯೇ ಬಲ್ಲದು.

ಭಾಷೆಯನ್ನಾಡುವ ಯಂತ್ರಗಳ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮ. 2021ರಲ್ಲಿ ಎಮಿಲಿ ಬೆಂಡರ್, ಟಿಮ್ನಿಟ್ ಗೆಬ್ರು ಮೊದಲಾದವರು ಅಂಥ ಯಂತ್ರಗಳನ್ನು ಸಂಭಾವ್ಯತೆಯ ಲೆಕ್ಕದಿಂದ ಮಾತು ಹೆಣೆಯುವ ಗಿಳಿಗಳೆಂದು ಕರೆದರು. ಅರ್ಥವರಿಯದೆ ನುಡಿಯುವುದರ ರೂಪಕವಾಗಿ ಗಿಳಿ ಅಲ್ಲಿ ಬಂದಿದೆ. ಗೊಮ್ಮಟಸಾರದ ಟೀಕೆಯಲ್ಲಿ ಗಿಳಿಯಿರುವುದು ಮನಸ್ಸುಳ್ಳವರ ಪಂಕ್ತಿಯಲ್ಲಿ. ಟೀಕಾಕಾರರು ಗಿಳಿಯ ಪಾಠವನ್ನು ಅತಿಯಾಗಿ ನಂಬಿದರೆಂದು ನಗಬೇಕಾಗಿಲ್ಲ. ಆಲಾಪ ಮಾತ್ರವೇ ಸಾಲದು, ಅದನ್ನು ಮನಸ್ಸಿನ ಆಸರೆಯಿಂದ ಗ್ರಹಿಸಬೇಕು ಎಂಬ ನಿಬಂಧನೆ ಅಲ್ಲಿಯೇ ಇದೆ. ಆಸರೆ ಹೊರಗೆ ಕಾಣುವಂಥದಲ್ಲ, ಆಲಾಪ ಮಾತ್ರ ಕೇಳಿಸುತ್ತದೆ. ಇಂದಿನ ವಿವಾದವೂ ಇಲ್ಲಿಗೇ ಬಂದು ನಿಂತಿದೆ. ನಾಲ್ಕು ಗುರುತುಗಳಲ್ಲಿ ಆಲಾಪದಲ್ಲಿ ಯಂತ್ರ ಎಲ್ಲರನ್ನೂ ಮೀರಿಸಿದೆ; ಮೊದಲನೆಯದಾದ ಶಿಕ್ಷೆ, ಅಂದರೆ ತನಗೆ ಹಿತವಾವುದು ಅಹಿತವಾವುದೆಂಬ ಗ್ರಹಿಕೆ, ಹಿತಾಹಿತಗಳೇ ಇಲ್ಲದ ವಸ್ತುವಿಗೆ ಹೇಗೆ ಬಂದೀತು? ಆನೆಯ ಬಗ್ಗೆ ಈ ಸಂದೇಹ ಬರುವುದಿಲ್ಲ. ಅದು ತಪ್ಪು ಲೆಕ್ಕ ಹಾಕಿದರೆ ಸಾಯುತ್ತದೆ.

ರೈತನೂ ಸಾಯುತ್ತಾನೆ. ಕಾಡಂಚಿನ ಹೊಲಗಳಿಗೆ ಕಂದಕ, ಸೌರಬೇಲಿ, ರೈಲುಹಳಿಯ ತಡೆಗಳು ಒಂದಾದ ಮೇಲೊಂದು ಬಂದಿವೆ. ಪ್ರಾಣಿಯ ಸುಳಿವು ಕಂಡು ಎಚ್ಚರಿಸುವ ಯಂತ್ರಗಳೂ ಬರುತ್ತಿವೆ. ಒಂದೇ ಬಗೆಯ ಸದ್ದು ಬಹುದಿನ ಕೇಳಿ, ಅದರಿಂದ ಕೇಡೇನೂ ಇಲ್ಲವೆಂದು ಕಂಡ ಆನೆ ಅದನ್ನು ಲೆಕ್ಕಿಸುವುದನ್ನು ಬಿಡುತ್ತದೆ. ರಾಗಿ ತೆನೆಗಟ್ಟಿದ ತಿಂಗಳುಗಳಲ್ಲಿ ಗುಂಡ್ಲುಪೇಟೆಯ ಕಾಡಂಚಿನ ಹೊಲಗಳಲ್ಲಿ ಅಟ್ಟಣೆಯ ಮೇಲೆ ರಾತ್ರಿ ಕಾಯುವವರು ಈಗಲೂ ಇದ್ದಾರೆ. ಮಂಜಿನಲ್ಲಿ ಟಾರ್ಚಿನ ಬೆಳಕು ಬಹುದೂರ ಹೋಗುವುದಿಲ್ಲ. ಒಣಗಿದ ಕಡ್ಡಿ ಮುರಿದ ಸದ್ದು ಕೇಳಿಸಿದಾಗ ಅವರು ಮಾತು ನಿಲ್ಲಿಸಿ ಆಲಿಸುತ್ತಾರೆ. ಅತ್ತ ಕತ್ತಲಲ್ಲಿ, ಇತ್ತಣ ಮಾತು ನಿಂತುದನ್ನು ಕೇಳಿ, ಆನೆಯೂ ನಿಂತಿರುತ್ತದೆ.